ನಾನೇ ಬರೆದು, ನಾನೇ ಅಚ್ಚು ಹಾಕಿಸಿ ಒಂದು ವರ್ಷ ಆಯ್ತು. ಲೆಕ್ಕ ಇಲ್ಲಿದೆ, ಬಯ್ಯೋರು ಬಯ್ಯಿರಿ

ಹಿನ್ನೀರು, ಬಾಗಲಕೋಟೆ

ಹೋದ ವರ್ಷ ಇದೇ ಹೊತ್ತಿಗೆ ಈ ಚರ್ಚಾಪುಟದಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಕಥೆ ಪುಸ್ತಕವನ್ನು ಸ್ವಂತ ದುಡ್ಡಲ್ಲಿ ತರಲೋ, ಪ್ರಕಾಶಕರ ದಾರಿ ಕಾಯಲೋ ಅಂತ. ಹತ್ತು ಜನ ಬೇಡ ಅಂದಿರಿ, ಮೂರು ಜನ ಹೂಂ ಅಂದಿರಿ. ನಾನು ಆ ಮೂವರ ಮಾತು ಕೇಳಿದೆ. ಈಗ ವರ್ಷ ತುಂಬಿದೆ, ಲೆಕ್ಕ ಒಪ್ಪಿಸೋಣ ಅಂತ ಬಂದೆ. ಪತ್ತಿನ ಸೊಸೈಟಿಯಲ್ಲಿ ಕ್ಲರ್ಕ್ ನಾನು. ಚಹಾ ಕುಡಿದದ್ದನ್ನೂ ಬರೆದಿಡೋ ಚಟ. ಹಾಗಾಗಿ ಲೆಕ್ಕ ಮಾತ್ರ ಪಕ್ಕಾ ಇದೆ.

ಪುಸ್ತಕದ ಹೆಸರು ಹೇಳಲ್ಲ, ಜಾಹೀರಾತು ಮಾಡಕ್ಕೆ ಬಂದ ಅನ್ನುತ್ತೀರಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದ ಹಳ್ಳಿಗಳ ಕಥೆಗಳು, ಅಷ್ಟು ಸಾಕು. 144 ಪುಟ, ಡೆಮಿ 1/8 ಅಳತೆ, 500 ಪ್ರತಿ, ಮುಖಬೆಲೆ 160 ರೂಪಾಯಿ. ಡಿಟಿಪಿಗೆ, ಅಂದರೆ ಕಂಪ್ಯೂಟರಲ್ಲಿ ಪುಟ ಜೋಡಿಸೋದಕ್ಕೆ, ಪುಟಕ್ಕೆ 25ರಂತೆ 3,600. ಕರಡು ತಿದ್ದಿದ ಮಾಸ್ತರಿಗೆ 2,000, ಅವರು ಬೇಡ ಬೇಡ ಅಂದರೂ ಜೇಬಿಗೆ ತುರುಕಿದೆ. ಮುಖಪುಟಕ್ಕೆ 2,500. ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಸೇರಿ ಪ್ರತಿಗೆ 74 ಬಿತ್ತು, ಅಂದರೆ 37,000. ಪೆಟ್ಟಿಗೆ ತರಿಸಿದ್ದಕ್ಕೆ 1,200. ಬಿಡುಗಡೆ ಸಮಾರಂಭಕ್ಕೆ 8,500. ಒಟ್ಟು 54,800.

ಬಂದದ್ದು ಹೀಗೆ. ಅಂಗಡಿಗಳಿಗೆ 70 ಪ್ರತಿ ಕೊಟ್ಟೆ, ಶೇಕಡಾ 40 ಅವರಿಗೆ, ನನಗೆ ಪ್ರತಿಗೆ 96. ಅದರಲ್ಲಿ 42 ಪ್ರತಿಯ ದುಡ್ಡು ಮಾತ್ರ ಕೈಗೆ ಬಂದಿದೆ, 4,032. ಅಂಚೆಯಲ್ಲಿ 49 ಪ್ರತಿ, 7,840. ಎರಡು ಕಾಲೇಜಿನವರು 30 ತೆಗೆದುಕೊಂಡರು, 3,600. ಉಳಿದದ್ದೆಲ್ಲ ಚೀಲ ಹೆಗಲಿಗೆ ಹಾಕಿಕೊಂಡು ನಾನೇ ಮಾರಿದ್ದು. 178 ಪ್ರತಿ, ತಲಾ 150ರಂತೆ 26,700. ಕೂಡಿಸಿದರೆ 42,172. ನಷ್ಟ 12,628.

ಮಾರಿದ್ದು 327. ಪುಕ್ಕಟೆ ಹೋದದ್ದು 61. ಕೆಟ್ಟದ್ದು 24, ಅದು ಬೇರೆ ಕಥೆ. ಉಳಿದ 88 ಮಂಚದ ಕೆಳಗಿವೆ. ಮನೆಯವಳು ಕಸ ಹೊಡೆಯುವಾಗ ದಿನಾ ಒಮ್ಮೆ ಆ ಪೆಟ್ಟಿಗೆಗೆ ಪೊರಕೆ ತಾಗಿಸಿ "ಇವನ್ಯಾವಾಗ ಎಬ್ಬಸ್ತೀರಿ?" ಅಂತ ಕೇಳುತ್ತಾಳೆ, ಮನೆಗೆ ಬಂದು ಕೂತ ನೆಂಟರ ಬಗ್ಗೆ ಕೇಳಿದ ಹಾಗೆ.

ಈಗ ಎರಡನೇ ಪುಸ್ತಕ ಬರೆದು ಮುಗಿದಿದೆ. ಮತ್ತೆ ಕೈ ಹಾಕಲೋ ಬೇಡವೋ? ಹಾಕಿದರೆ ಏನು ಬದಲಿಸಬೇಕು?

ಇಂಡಿ ಲಿಂಬೆ, ವಿಜಯಪುರ

ಬೇಡ ಅಂದ ಹತ್ತು ಜನರಲ್ಲಿ ನಾನೂ ಒಬ್ಬ. ನೆನಪಿರಲಿ.

ಖಣದ ಕುಪ್ಪಸ, ಗುಳೇದಗುಡ್ಡ

ಅಣ್ಣಾರ, ಮೊದಲು ಒಂದು ಮಾತು. ಬಿಡುಗಡೆಗೆ 8,500 ಯಾಕ್ರೀ? ಅದನ್ನು ತೆಗೆದರೆ ನಿಮ್ಮ ನಷ್ಟ 4,128 ಅಷ್ಟೇ. ನಾನು ಕವನ ಸಂಕಲನ 300 ಪ್ರತಿ ಹಾಕಿಸಿದೆ, ಬಿಡುಗಡೆ ಅಂತ ಮಾಡಲೇ ಇಲ್ಲ. ನಮ್ಮ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ಕಂತು ತುಂಬುವ ಹೊತ್ತಿಗೆ, ಎರಡು ಕವನ ಓದಿದೆ. ಅವತ್ತೇ 22 ಹೋದವು. ಖರ್ಚು ಅರ್ಧ ಕೆಜಿ ಚುರಮುರಿ.

ಹಿನ್ನೀರು

ಅಕ್ಕಾ, ನಿಮ್ಮನ್ನು ಮೊದಲೇ ಕೇಳಬೇಕಿತ್ತು. ಶಾಲು ಐದು, ಹಾರ ಐದು, ಬ್ಯಾನರ್, ಮೈಕು, ಉಪ್ಪಿಟ್ಟು ಶಿರಾ 80 ಜನರಿಗೆ. ಬಂದವರು 80 ಜನ ಹೌದು. ಪುಸ್ತಕ ಕೊಂಡವರು 19. ಉಳಿದವರು ವೇದಿಕೆ ಮೇಲಿದ್ದರು, ಇಲ್ಲವೇ ವೇದಿಕೆ ಮೇಲಿದ್ದವರ ಜೊತೆ ಬಂದವರು. ಅವರಲ್ಲಿ ಕೆಲವರಿಗೆ ಪುಕ್ಕಟೆ.

ಓದುಗ ಮಾತ್ರ

ಒಂದು ಪ್ರಶ್ನೆ, ಬೇಜಾರಾಗಬೇಡಿ. ಪ್ರಕಾಶಕರು ಯಾಕೆ ಬೇಡ ಅಂದರು? ಸ್ವಂತ ಪ್ರಕಟಣೆ ಅಂದರೆ ನನಗೆ ಹೆದರಿಕೆ. ಕಾಗುಣಿತ ತಪ್ಪು, ಒಂದೇ ಪ್ಯಾರಾ ಎರಡು ಸಲ, ಮುನ್ನುಡಿ ಮೂರು ಜನರದ್ದು, ಅದರಲ್ಲಿ ಇಬ್ಬರು ಪುಸ್ತಕ ಓದೇ ಇರಲ್ಲ. 160 ಕೊಟ್ಟು ನಾನ್ಯಾಕೆ ಪ್ರೂಫ್ ನೋಡಬೇಕು?

ಹಿನ್ನೀರು

ಬೇಡ ಅನ್ನಲಿಲ್ಲ. ಒಬ್ಬರು ಒಂದೂವರೆ ವರ್ಷ ಇಟ್ಟುಕೊಂಡು ಏನೂ ಹೇಳಲಿಲ್ಲ. ಇನ್ನೊಬ್ಬರು "ನೀವೇ 200 ಪ್ರತಿ ಕೊಳ್ಳೋದಾದರೆ ಹಾಕೋಣ" ಅಂದರು. ನಾನೇ ಕೊಳ್ಳೋದಾದರೆ ನಾನೇ ಹಾಕಿಸಬಾರದೇಕೆ ಅನ್ನಿಸಿತು. ತಪ್ಪಿನ ಮಾತಿಗೆ ಬರುತ್ತೇನೆ. ನನ್ನದರಲ್ಲಿಯೂ ಇವೆ. ಮೊದಲ ಪ್ರೂಫಲ್ಲಿ "ಸೂರ್ಯ" ಇದ್ದಲ್ಲೆಲ್ಲ "ಸೂಯರ್" ಆಗಿತ್ತು. ಅಷ್ಟನ್ನೂ ತಿದ್ದಿದೆವು, ಆದರೂ 3 ಕಡೆ ಉಳಿದಿದೆ.

ಡಿಟಿಪಿ ಕಾಕಾ, ವಿಜಯಪುರ

ಸೂಯರ್, ಧಮರ್, ಕಾಯರ್ಕ್ರಮ. ಇಪ್ಪತ್ತು ವರ್ಷದಿಂದ ಇವನ್ನು ನೋಡುತ್ತಾ ನನ್ನ ಕಣ್ಣು ಹೋಗಿವೆ.

ಯಾಕೆ ಆಗುತ್ತೆ ಅಂತ ಹೇಳುತ್ತೇನೆ, ಸುಮ್ನೆ ಡಿಟಿಪಿಯವರನ್ನು ಬಯ್ಯಬೇಡಿ. ನೀವು ಫೋನಲ್ಲಿಯೋ ಕಂಪ್ಯೂಟರಲ್ಲಿಯೋ ಬರೆಯೋದು ಯುನಿಕೋಡ್. ಅದರಲ್ಲಿ ಅರ್ಕಾವತ್ತಿನ "ರ್" ಮೊದಲು ಬರುತ್ತೆ, ಬಾಯಲ್ಲಿ ಹೇಳೋ ಕ್ರಮದಲ್ಲಿ. ನಮ್ಮ ಅಂಗಡಿಯಲ್ಲಿ ಪುಟ ಜೋಡಿಸೋ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ತಿಳಿಯಲ್ಲ. ಅದಕ್ಕೆ ನುಡಿ ಅನ್ನೋ ತಂತ್ರಾಂಶದ ಹಳೆಯ ಫಾಂಟೇ ಬೇಕು. ಅದರಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಕ್ಷರ ಆದ ಮೇಲೆ ಕೂರುತ್ತೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ತಂತ್ರಾಂಶ ಈ ಜಾಗ ಅದಲುಬದಲು ಸರಿಯಾಗಿ ಮಾಡದಿದ್ದರೆ ಸೂರ್ಯ ಮುಳುಗಿದ ಅಂತಲೇ ತಿಳಿಯಿರಿ.

ಎರಡನೇ ಪುಸ್ತಕಕ್ಕೆ ಇನ್‌ಡಿಸೈನ್ ಅನ್ನೋ ಹೊಸ ತಂತ್ರಾಂಶ ಇಟ್ಟವರ ಹತ್ತಿರ ಹೋಗಿ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅಂತ ಆಯ್ಕೆ ಇದೆ. ಅದನ್ನು ಹಾಕಿದರೆ ಯುನಿಕೋಡ್ ಕನ್ನಡ ನೇರ ಕೂರುತ್ತೆ, ಪರಿವರ್ತನೆ ತಂಟೆ ಇಲ್ಲ. ನಾಳೆ ಇ-ಪುಸ್ತಕ ಮಾಡುವಾಗಲೂ ಅದೇ ಕಡತ ಉಪಯೋಗಕ್ಕೆ ಬರುತ್ತೆ. ಪುಟಕ್ಕೆ ಐದೋ ಹತ್ತೋ ಜಾಸ್ತಿ ಕೇಳಬಹುದು. ಕೊಡಿ.

ಓದುಗ ಮಾತ್ರ

ಕಾಕಾ, ಕಾರಣ ಸರಿ. ಆದರೆ ತಿದ್ದೋದು ಯಾರ ಕೆಲಸ?

ಡಿಟಿಪಿ ಕಾಕಾ

ಬರೆದವನದು. ಪುಟಕ್ಕೆ 25 ರೂಪಾಯಿಗೆ ಅಕ್ಷರ ಕೂರಿಸುತ್ತೇನೆ, ಸಾಹಿತ್ಯವನ್ನೂ ಕೂರಿಸು ಅಂದರೆ ಹೇಗೆ?

ಪುಸ್ತಕದಂಗಡಿ, ಬೆಳಗಾವಿ

ಅಂಗಡಿಯವರು 28 ಪ್ರತಿಯ ದುಡ್ಡು ಕೊಟ್ಟಿಲ್ಲ ಅಂತ ಬರೆದಿದ್ದೀರಿ. ನಾನು ಆ ಅಂಗಡಿಯವನಲ್ಲ, ಆದರೂ ಉತ್ತರ ಕೊಡುತ್ತೇನೆ. ಶೇಕಡಾ 40 ಕೇಳಿ ಎಲ್ಲ ಲೇಖಕರಿಗೂ ಹೊಟ್ಟೆ ಉರಿಯುತ್ತೆ. ಅದರಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಗಿರಾಕಿಗೆ ಬಿಡೋ ಶೇಕಡಾ 10 ಎಲ್ಲ ಹೋಗಬೇಕು. ಒಂದೇ ಪುಸ್ತಕ ಇರೋ ಲೇಖಕರು ವಾರಕ್ಕೊಮ್ಮೆ ಬರುತ್ತಾರೆ. ಬಂದವರು ಏನು ಮಾಡುತ್ತಾರೆ ಗೊತ್ತಾ? ನಾನು ಆಚೆ ತಿರುಗಿದ ಹೊತ್ತಲ್ಲಿ ತಮ್ಮ ಪುಸ್ತಕ ತೆಗೆದು ಮುಂದಿನ ಸಾಲಲ್ಲಿ ನಿಲ್ಲಿಸಿ ಹೋಗುತ್ತಾರೆ. ಹಿಂದಿರೋದು ಯಾವುದು ಅಂತ ನೋಡಿದರೆ ಹೋದ ವಾರ ಬಂದವರದ್ದು.

ಹಿನ್ನೀರು

ಮುಂದೆ ನಿಲ್ಲಿಸಿದ್ದು ನಿಜ. ಒಪ್ಪಿಕೊಳ್ಳುತ್ತೇನೆ. ಆದರೆ ಮಾರಾಟ ಆದ ಪುಸ್ತಕದ ದುಡ್ಡು ಕೇಳೋದು ತಪ್ಪಾ? ಆರು ಸಲ ಹೋದೆ. ಮಾಲಕರು ಊಟಕ್ಕೆ ಹೋಗ್ಯಾರ, ಮಾಲಕರು ಮದುವೆಗೆ ಹೋಗ್ಯಾರ.

ಪುಸ್ತಕದಂಗಡಿ

ಅದು ತಪ್ಪೇ. ಅವರ ಪರ ನಾನು ಮಾತಾಡಲ್ಲ. ಒಂದು ಹೇಳುತ್ತೇನೆ, ಕೊಡುವಾಗ ಚೀಟಿ ಬರೆಸಿಕೊಳ್ಳಿ. ಎಷ್ಟು ಪ್ರತಿ, ಯಾವ ತಾರೀಖು, ಎಷ್ಟು ದಿನಕ್ಕೆ ಲೆಕ್ಕ. ಚೀಟಿ ಇದ್ದವರಿಗೆ ಮೊದಲು ದುಡ್ಡು ಹೋಗುತ್ತೆ, ಇದು ಎಲ್ಲ ಅಂಗಡಿಯ ರಿವಾಜು. ಹತ್ತು ಅಂಗಡಿಗೆ ಏಳೇಳು ಕೊಡೋ ಬದಲು ಎರಡು ಅಂಗಡಿಗೆ ಕೊಟ್ಟು ತಿಂಗಳಿಗೊಮ್ಮೆ ಹೋಗಿ.

ಮುಧೋಳದವ

500 ಪ್ರತಿಗೇ ಇಷ್ಟು ಗೋಳಾ? ನಮ್ಮ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಹತ್ತನೇ ಶತಮಾನದಲ್ಲಿಯೇ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳು. ಓಲೆಗರಿ ಮೇಲೆ. ಕೈಯಲ್ಲಿ ಬರೆಸಿ. ಅರ್ಕಾವತ್ತು ತಪ್ಪಿರಲಿಲ್ಲ ಅಂತ ಕಾಣುತ್ತೆ.

ಇಂಡಿ ಲಿಂಬೆ

ಹಂಚಿದಳು. ಮಾರಲಿಲ್ಲ. ಅಲ್ಲಿಂದಲೇ ಶುರುವಾಗಿದೆ ಕನ್ನಡಿಗರಿಗೆ ಪುಕ್ಕಟೆ ಪುಸ್ತಕದ ಚಟ.

ಮುಧೋಳದವ

ದಾನಚಿಂತಾಮಣಿಗೆ ಹಾಗನ್ನಬೇಡ ತಮ್ಮಾ, ಮುಧೋಳಕ್ಕೆ ಬಂದಾಗ ನಾಯಿ ಬಿಡುತ್ತೇನೆ. ಯಾವ ನಾಯಿ ಅಂತ ಗೊತ್ತಲ್ಲ.

ಗುಮ್ಮಟದ ದನಿ, ವಿಜಯಪುರ

ಮಾತು ಹಳೆಯ ಕಾಲಕ್ಕೆ ಹೋಗಿದ್ದರಿಂದ ಹೇಳುತ್ತೇನೆ. ಸ್ವಂತ ಪ್ರಕಟಣೆ ಅಂದರೆ ಮೂಗು ಮುರಿಯುವವರು ನಮ್ಮ ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಮನುಷ್ಯ. ಊರೂರು ತಿರುಗಿ ತಾಳೆಗರಿ ಕಟ್ಟು ಕೂಡಿಹಾಕಿ ವಚನ ಜೋಡಿಸಿದರು. ವಚನಶಾಸ್ತ್ರಸಾರ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಪ್ರೆಸ್ಸಿನ ದಾರಿ ಕಾಯೋದು ಸಾಕು ಅಂತ 1925ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕೆ ಇದ್ದ ಮನೆ ಮಾರಿದರು ಅಂತ ನಮ್ಮೂರಲ್ಲಿ ಇವತ್ತಿಗೂ ಹೇಳುತ್ತಾರೆ. ಮರುವರ್ಷ ಶಿವಾನುಭವ ಪತ್ರಿಕೆ, ಅದರ ಮರುವರ್ಷ ನವಕರ್ನಾಟಕ ವಾರಪತ್ರಿಕೆ. ಬರೆಯೋದು, ತಿದ್ದೋದು, ಅಚ್ಚು ಹಾಕೋದು, ಚಂದಾದಾರರನ್ನು ಹುಡುಕೋದು, ಎಲ್ಲ ಅವರ ಹೆಗಲ ಮೇಲೆ. ಇವತ್ತು ನಾವು ವಚನ ಅಂತ ಓದುತ್ತಿದ್ದರೆ ಆ ದುಡಿಮೆಯಿಂದ. ಅವರಿಗೆ ಯಾರೂ "ಪ್ರಕಾಶಕರು ಯಾಕೆ ಬೇಡ ಅಂದರು" ಅಂತ ಕೇಳಲಿಲ್ಲ.

ಓದುಗ ಮಾತ್ರ

ಹಳಕಟ್ಟಿಯವರು ಬೇರೆ, ನಮ್ಮ ಬ್ಯಾಂಕಿನ ಮ್ಯಾನೇಜರರ ಹನಿಗವನ ಬೇರೆ ರೀ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಖಣದ ಕುಪ್ಪಸ

ಹನಿಗವನಕ್ಕೆ ಏನಾಗಿದೆ?

ಓದುಗ ಮಾತ್ರ

ಏನಾಗಿಲ್ಲ ಅಕ್ಕಾ. ಕ್ಷಮೆ ಇರಲಿ.

ಗುಮ್ಮಟದ ದನಿ

ಗಳಗನಾಥರನ್ನಾದರೂ ನೆನೆಯಿರಿ. ಕಾದಂಬರಿ ಬರೆದು, ಗಂಟು ಕಟ್ಟಿ, ಹೊತ್ತುಕೊಂಡು ಊರೂರು ಮಾರಿದವರು. ಹಿನ್ನೀರು ಅವರ 178 ಪ್ರತಿ ಅದೇ ದಾರಿಯದ್ದು. ನಾನು ನೋಡಿದ ಹಾಗೆ ಇಡೀ ಲೆಕ್ಕದಲ್ಲಿ ಗಟ್ಟಿಯಾಗಿರೋದು ಅದೊಂದೇ. ಎಲ್ಲಿ ಮಾರಿದಿರಿ, ಅದನ್ನು ಬರೆಯಿರಿ.

ಹಿನ್ನೀರು

ಅದನ್ನೇ ಬರೆಯೋದಿತ್ತು. ಶುರುವಿನಲ್ಲಿ ನಾನೂ ತಪ್ಪು ಕಡೆ ಹೋದೆ. ಸಾಹಿತ್ಯ ಕಾರ್ಯಕ್ರಮ ಎಲ್ಲಿದೆ ಅಂತ ಪೇಪರ್ ನೋಡಿ ಹೋಗೋದು, ಬಾಗಿಲ ಹತ್ತಿರ ಟೇಬಲ್ ಹಾಕಿ ಕೂರೋದು. ಅಲ್ಲಿಗೆ ಬರೋರು ಎಲ್ಲ ನನ್ನ ಹಾಗೇ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಬಂದವರು. "ನಿಮ್ಮದು ಕೊಡಿ, ನನ್ನದು ತಗೊಳ್ಳಿ" ಅಂತ ಅದಲುಬದಲು. ಮನೆಗೆ ಬಂದಾಗ ಚೀಲ ಹೋದಷ್ಟೇ ಭಾರ, ಪುಸ್ತಕ ಮಾತ್ರ ಬೇರೆ. ಆ 61 ಪುಕ್ಕಟೆಯಲ್ಲಿ ಅರ್ಧ ಹೀಗೆ ಹೋದವು.

ಜನವರಿಯಲ್ಲಿ ಬನಶಂಕರಿ ಜಾತ್ರೆಗೂ ಹೋಗಿದ್ದೆ. ನಾಟಕ ಕಂಪನಿಯ ತಂಬುಗಳ ಸಾಲಿನಲ್ಲಿ, ಮಿರ್ಚಿ ಭಜಿ ಅಂಗಡಿ ಪಕ್ಕ ತಾಡಪತ್ರಿ ಹಾಸಿ ಕೂತೆ. ಮೊದಲ ದಿನ ಎರಡು ಪ್ರತಿ. ಎರಡನೇ ದಿನ ಭಜಿ ಅಂಗಡಿಯವನೇ ಕೇಳಿದ, ಇದೇನು ಪುಸ್ತಕ ಅಂತ. ಹೇಳಿದೆ. "ಹಂಗಾರ ಊರ ಹೆಸರು ಕೂಗೋ ಮಾರಾಯಾ, ಸುಮ್ನೆ ಕುಂತರ ಯಾರಿಗೆ ತಿಳೀತದ" ಅಂದ. ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಪುಸ್ತಕದ ಕೊನೆ ಕಥೆಯಲ್ಲಿ ಒಬ್ಬ ಮುದುಕಿ ಮುಳುಗಿದ ಊರುಗಳ ಹೆಸರನ್ನು ಹಾಡಿನ ಹಾಗೆ ಹೇಳುತ್ತಾಳೆ, ಕಥೆ ನಡುವೆಯೂ ಹೆಸರುಗಳು ಬರುತ್ತವೆ. ನಾಚಿಕೆ ಬಿಟ್ಟು ಆ ಹೆಸರು ಕೂಗಿದೆ. ಜನ ನಿಂತರು. "ನಮ್ಮೂರೈತೇನು? ತೋರಸು." ಪುಟ ತೆಗೆದು ಬೆರಳಿಟ್ಟು ತೋರಿಸಬೇಕು. ತೋರಿಸಿದರೆ 150 ಕೈಗೆ ಬರುತ್ತಿತ್ತು. ಓದಲು ಬಾರದ ಅಜ್ಜಿ ಒಬ್ಬಳು ಕೊಂಡಳು. ಯಾರಿಗಮ್ಮಾ ಅಂದರೆ, ಮನೆಯಾಗ ಇರ್ಲಿ ಅಂದಳು. ಆ ಮೂರು ದಿನದಲ್ಲಿ 34 ಹೋದವು.

ಅದಕ್ಕೂ ಮೊದಲು ಮುಳುಗಡೆ ಊರಿನವರ ಪುನರ್ವಸತಿ ಕೇಂದ್ರಗಳಿಗೆ ಭಾನುವಾರ ಭಾನುವಾರ ಹೋಗುತ್ತಿದ್ದೆ, ಆದರೆ ಮನೆ ಮನೆಗೆ ಹೋಗಲು ಸಂಕೋಚ. ಮಾಸ್ತರರ ಮನೆ, ಪಂಚಾಯ್ತಿ ಕಾರ್ಯದರ್ಶಿ ಮನೆ ಅಷ್ಟೇ. ಜಾತ್ರೆ ಆದ ಮೇಲೆ ಕಟ್ಟೆ ಮೇಲೆ ಕೂತವರ ಹತ್ತಿರ ಹೋಗಲು ಶುರು ಮಾಡಿದೆ. 178ರಲ್ಲಿ ನೂರರ ಮೇಲೆ ಹೋದದ್ದು ಹೀಗೆ, ಕಥೆ ಪುಸ್ತಕ ಯಾವತ್ತೂ ಕೊಳ್ಳದ ಜನಕ್ಕೆ.

ಕುಂದಾ ಪ್ರೇಮಿ, ಬೆಳಗಾವಿ

ಚೆನ್ನಾಗಿದೆ. ಆದರೆ ಇದು 2026. ಇ-ಪುಸ್ತಕ ಯಾಕೆ ಮಾಡಿಲ್ಲ? ಊರು ಬಿಟ್ಟ ನಿಮ್ಮ ಓದುಗರು ಪುಣೆ, ಗೋವಾ, ಬೆಂಗಳೂರಲ್ಲಿದ್ದಾರೆ. ಕಿಂಡಲ್‌ಗೆ ಹಾಕಿ ಅಂತ ಹೇಳೋಣ ಅಂದರೆ ಅದೊಂದು ನೋವು. 2016ರಲ್ಲಿ ಕಿಂಡಲ್ ನಡೆಸೋ ಅಮೆಜಾನಿನವರು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ತಂದರು, ಕನ್ನಡ ಬಿಟ್ಟರು. ನಮ್ಮ ಬೆಳಗಾವಿಯಲ್ಲಿ ಕೂತು ಅದನ್ನು ಓದುವಾಗ ಹೇಗನ್ನಿಸಿತು ಕೇಳಬೇಡಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಹಾಕಬಹುದು. ಮೈಲ್ಯಾಂಗ್ ಅಂತ ಕನ್ನಡದ್ದೇ ಆ್ಯಪ್ ಇದೆ, ಕೇಳು ಪುಸ್ತಕವೂ ಅಲ್ಲಿ ಬರುತ್ತೆ. ಓದಲು ಬಾರದ ಅಜ್ಜಿಗೆ ಕೇಳು ಪುಸ್ತಕ ಮಾಡಿ ನೋಡೋಣ.

ಕಾಗದದ್ದೇ ಬೇಕು ಅಂದರೆ ಬೇಡಿಕೆಗೆ ತಕ್ಕ ಮುದ್ರಣ ಇದೆ. ಬೆಂಗಳೂರಿನ ಪೋಥಿ, ಚೆನ್ನೈನ ನೋಷನ್ ಪ್ರೆಸ್. ಪಿಡಿಎಫ್ ಕೊಟ್ಟರೆ ಆರ್ಡರ್ ಬಂದಾಗ ಒಂದೊಂದೇ ಹಾಕುತ್ತಾರೆ. ಪ್ರತಿಗೆ ಬೀಳೋ ದರ ಜಾಸ್ತಿ, ಆದರೆ ಮಂಚದ ಕೆಳಗೆ ಪೆಟ್ಟಿಗೆ ಇರಲ್ಲ. ಅತ್ತಿಗೆಗೂ ಸಮಾಧಾನ.

ಡಿಟಿಪಿ ಕಾಕಾ

ಒಂದೊಂದೇ ಹಾಕಿಸಿದರೆ 144 ಪುಟದ್ದಕ್ಕೆ 74 ರೂಪಾಯಿ ಮರೆತುಬಿಡಿ. ಜಾತ್ರೆಗೆ ಒಯ್ಯೋಕೆ ಪೆಟ್ಟಿಗೆ ಬೇಕೇ ಬೇಕು. ನನ್ನ ಮಾತು ಕೇಳೋದಾದರೆ 500 ಬೇಡ, 250 ಹಾಕಿಸಿ. ಪಿಡಿಎಫ್ ಇಟ್ಟುಕೊಂಡಿರಿ, ಮುಗಿದರೆ ಮತ್ತೆ 100 ಪ್ರತಿ ಅಚ್ಚು, ಡಿಜಿಟಲ್‌ನಲ್ಲಿ. ಗದಗ, ಹುಬ್ಬಳ್ಳಿ ಎರಡೂ ಕಡೆ ದರ ಕೇಳಿ. ಗದಗಿಗೆ ಮುದ್ರಣಕಾಶಿ ಅಂತ ಸುಮ್ನೆ ಕರೆದಿಲ್ಲ.

ರೊಟ್ಟಿ ಶೇಂಗಾ ಚಟ್ನಿ, ಜಮಖಂಡಿ

ಐಎಸ್‌ಬಿಎನ್ ಮಾಡಿಸಿದಿರಾ? ನನ್ನ ಕಡೆ ಒಬ್ಬ ಏಜೆಂಟ್ 3,000 ತೆಗೆದುಕೊಂಡ, ಕಾಪಿರೈಟ್ ಬರುತ್ತೆ ಅಂತ ಹೇಳಿ.

ಗುಮ್ಮಟದ ದನಿ

ಅಯ್ಯೋ ಶಿವನೇ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಪುಕ್ಕಟೆ. ದಿಲ್ಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಕೊಡುತ್ತೆ, ಆನ್‌ಲೈನ್‌ನಲ್ಲಿ ಅರ್ಜಿ. ಲೇಖಕರು ತಾವೇ ಹಾಕಬಹುದು, ಪ್ರಕಾಶನ ಸಂಸ್ಥೆ ಇರಬೇಕಂತಿಲ್ಲ. ಅದು 13 ಅಂಕಿಯ ಗುರುತಿನ ಸಂಖ್ಯೆ ಅಷ್ಟೇ, ಗಾಡಿ ನಂಬರ್ ಇದ್ದ ಹಾಗೆ. ಕಾಪಿರೈಟ್‌ಗೂ ಅದಕ್ಕೂ ಸಂಬಂಧ ಇಲ್ಲ. ನೀವು ಬರೆದ ಕ್ಷಣವೇ ಹಕ್ಕು ನಿಮ್ಮದು. ಬದುಕಿರೋ ತನಕ, ಆಮೇಲೆ ಇನ್ನೂ 60 ವರ್ಷ ಮಕ್ಕಳು ಮೊಮ್ಮಕ್ಕಳದ್ದು. ನೋಂದಣಿ ಬೇಕಾದರೆ ಮಾಡಿಸಬಹುದು, ಕಡ್ಡಾಯ ಅಲ್ಲ.

ಕಡ್ಡಾಯ ಇರೋದನ್ನು ಮಾತ್ರ ಯಾರೂ ಮಾಡಲ್ಲ. 1954ರ ಕಾನೂನಿನ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, ಚೆನ್ನೈ, ಮುಂಬೈ, ದಿಲ್ಲಿಗೂ ಒಂದೊಂದು, ನಮ್ಮದೇ ಖರ್ಚಲ್ಲಿ.

ರೊಟ್ಟಿ ಶೇಂಗಾ ಚಟ್ನಿ

3,000 ಹೋಯಿತು ಹಂಗಾರೆ. ಅವನ ಫೋನ್ ಈಗಲೂ ಸ್ವಿಚ್ ಆಫ್.

ಹಿನ್ನೀರು

ಐಎಸ್‌ಬಿಎನ್ ನಾನೇ ಹಾಕಿ ತೆಗೆದುಕೊಂಡೆ. ದಾಖಲೆ ಅಪ್‌ಲೋಡ್ ಮಾಡೋದರಲ್ಲಿ ಎರಡು ಸಲ ವಾಪಸ್ ಬಂತು, ಮೂರನೇ ಸಲ ಆಯ್ತು. ನಾಲ್ಕು ಪ್ರತಿ ಕಳಿಸೋದು ಮಾತ್ರ ಮಾಡಿಲ್ಲ. ಈ ವಾರ ಮಾಡುತ್ತೇನೆ. 88 ಇದ್ದದ್ದು 84 ಆಗುತ್ತೆ, ಮನೆಯವಳಿಗೆ ಖುಷಿ.

ಅಂಚೆಯಣ್ಣ, ಬಾಗಲಕೋಟೆ

ಅಂಚೆ ಮಾತು ಬಂತು ಅಂತ ಹೇಳುತ್ತೇನೆ. 2024ರ ಡಿಸೆಂಬರಲ್ಲಿ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಪುಸ್ತಕದವರೆಲ್ಲ ಕೌಂಟರ್ ಮುಂದೆ ನಮಗೇ ಬಯ್ದರು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ಮೇಲೆ ತೆರಿಗೆ. ಎಲ್ಲಿದೆ ಅಂತ ನಂಬರ್ ಹಾಕಿ ನೋಡಬಹುದು. ಪುಸ್ತಕದ ಮೇಲೆ ಮುದ್ರಕರದ್ದೋ ಪ್ರಕಾಶಕರದ್ದೋ ಹೆಸರು ಇರಬೇಕು. ಜಾಹೀರಾತು ತುಂಬಿದ್ದು, ಪತ್ರಿಕೆ, ಇವನ್ನು ಅದರಲ್ಲಿ ಹಾಕಂಗಿಲ್ಲ. ಜನಕ್ಕೆ ಗೊತ್ತೇ ಇಲ್ಲ, ಇವತ್ತಿಗೂ ಸ್ಪೀಡ್ ಪೋಸ್ಟ್ ಅಂತ ಕೇಳಿ ಜಾಸ್ತಿ ಕೊಟ್ಟು ಹೋಗುತ್ತಾರೆ.

ಹಿನ್ನೀರು

ಅಣ್ಣಾ, ನನ್ನ 49ರಲ್ಲಿ ಮೊದಲ 15 ಹಾಗೇ ಹೋದವು. ಓದುಗರೇ ಅಂಚೆ ಖರ್ಚು ಕೊಟ್ಟರು, ಆದರೂ ಕೇಳುವಾಗ ಬಾಯಿ ಬರುತ್ತಿರಲಿಲ್ಲ. ನನ್ನ ಪುಸ್ತಕ 180 ಗ್ರಾಂ, ಈಗ 20 ಮತ್ತು ತೆರಿಗೆಯಲ್ಲಿ ಮುಗಿಯುತ್ತೆ.

ಇಂಡಿ ಲಿಂಬೆ

ಎಲ್ಲ ಸರಿ. ಲೆಕ್ಕ ನಾನೊಮ್ಮೆ ನೋಡಿದೆ. 88 ಪ್ರತಿ 150ಕ್ಕೆ ಹೋದರೆ 13,200. ನಷ್ಟ 12,628. ಕೈಯಲ್ಲಿ ಉಳಿಯೋದು 572 ರೂಪಾಯಿ. ವರ್ಷಪೂರ್ತಿ ಬರೆದು, ಹೊತ್ತು, ಕೂಗಿ, ಒಂದು ಕೆಜಿ ಕುಂದಾ.

ಕುಂದಾ ಪ್ರೇಮಿ

ಒಂದು ಕೆಜಿ ಕುಂದಾ ಕಡಿಮೆ ಏನಲ್ಲ.

ರೊಟ್ಟಿ ಶೇಂಗಾ ಚಟ್ನಿ

ಕುಂದಾಗಿಂತ ಗೋಕಾಕ ಕರದಂಟು ಮೇಲು. ವಾದ ಬೇಡ.

ಕುಂದಾ ಪ್ರೇಮಿ

ವಾದ ಇದೆ. ಕರದಂಟಿನಲ್ಲಿ ಅಂಟು ತಿಂದು ಹಲ್ಲು ಹೋದ ಮೇಲೆ ಕುಂದಾವನ್ನೇ ತಿನ್ನಬೇಕು.

ಪುಸ್ತಕದಂಗಡಿ

ಅಮೀನಗಡ ಕರದಂಟು ಮರೆತಿರಾ? ಇರಲಿ, ದಾರಿಗೆ ಬನ್ನಿ. ಗ್ರಂಥಾಲಯದ ಸಗಟು ಖರೀದಿಗೆ ಹಾಕಿದ್ದೀರಾ? ರಾಜ್ಯ ಕೇಂದ್ರ ಗ್ರಂಥಾಲಯದ ಕಾಪಿರೈಟ್ ವಿಭಾಗದಲ್ಲಿ ಪ್ರತಿ ಕೊಟ್ಟು ನೋಂದಾಯಿಸಿಕೊಳ್ಳಬೇಕು, ಅರ್ಜಿ ಕರೆದಾಗ ಹಾಕಬೇಕು. ಆಯ್ಕೆಯಾದರೆ ಒಂದೇ ಏಟಿಗೆ ನೂರಾರು ಪ್ರತಿ ಹೋಗುತ್ತೆ. ಪುಟದ ಲೆಕ್ಕದಲ್ಲಿ ದರ ಅವರೇ ಕಟ್ಟುತ್ತಾರೆ. ಅದನ್ನೇ ನಂಬಿ ಅಚ್ಚು ಹಾಕಿಸಬೇಡಿ, ಬಂದರೆ ಬಂತು ಅಂತ ಇಟ್ಟುಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತೆ, ಆದರೆ ವಯಸ್ಸಿನ ಮಿತಿ ಇದೆ.

ಹಿನ್ನೀರು

ಆ ವಯಸ್ಸು ದಾಟಿ ಬಹಳ ದಿನ ಆಯ್ತು. ಸಗಟು ಖರೀದಿಗೆ ಹಾಕಿದ್ದೇನೆ. ಆಯ್ಕೆಯಾದರೆ ಎಷ್ಟು ಬೇಕಾಗುತ್ತೋ ಅಷ್ಟು ಮತ್ತೆ ಹಾಕಿಸಬೇಕಾಗುತ್ತೆ, ಆಗ ನೋಡೋಣ.

ಓದುಗ ಮಾತ್ರ

ಕೆಟ್ಟ 24 ಪ್ರತಿ ಬೇರೆ ಕಥೆ ಅಂದಿರಿ. ಹೇಳಲೇ ಇಲ್ಲ.

ಹಿನ್ನೀರು

ಹೇಳುತ್ತೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಅಚ್ಚಾದ ಹಾಳೆ ಮಡಚಿದರೆ 16 ಪುಟದ ಒಂದು ಫಾರಂ, ನನ್ನದು 9 ಫಾರಂ. ಜೋಡಿಸುವಾಗ ಯಾರದೋ ಕೈ ತಪ್ಪಿದೆ. 24 ಪ್ರತಿಯಲ್ಲಿ ಐದನೇ ಫಾರಂ ಎರಡು ಸಲ ಬಂದಿದೆ, ಆರನೆಯದು ಇಲ್ಲ. ಅಂದರೆ 65ರಿಂದ 80ರವರೆಗೆ ಎರಡೆರಡು ಸಲ, 80 ಆದ ಮೇಲೆ ಮತ್ತೆ 65, ಆಮೇಲೆ ಸೀದಾ 97. ಹೊರಗಿಂದ ನೋಡಿದರೆ ತಿಳಿಯೋದೇ ಇಲ್ಲ, ದಪ್ಪವೂ ಅಷ್ಟೇ. ನಾನು ಪೆಟ್ಟಿಗೆ ಬಿಚ್ಚಿದ ದಿನ ಮೇಲಿನ ಹತ್ತು ಪ್ರತಿ ತಿರುವಿ ನೋಡಿ, ಮೂಸಿ ನೋಡಿ, ಸರಿಯಿದೆ ಅಂತ ಕಟ್ಟಿಟ್ಟೆ.

ನಾಲ್ಕು ತಿಂಗಳು ಯಾರೂ ಏನೂ ಹೇಳಲಿಲ್ಲ. ಒಂದು ಭಾನುವಾರ ಒಂದು ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದಾಗ ಎಂಬತ್ತು ದಾಟಿದ ಅಜ್ಜ ಒಬ್ಬರು ಮನೆ ಒಳಗಿಂದ ಪುಸ್ತಕ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ಅವರ ಊರಿನ ಕಥೆ 83ನೇ ಪುಟಕ್ಕೆ ಶುರು. ಪರಿವಿಡಿಯಲ್ಲಿ 83 ಅಂತ ಇದೆ. ಮೊಮ್ಮಗಳ ಕೈಯಲ್ಲಿ ಓದಿಸಬೇಕು ಅಂತ ಕೂರಿಸಿಕೊಂಡಿದ್ದಾರೆ, ಅವಳು ಹುಡುಕಿದರೆ 83 ಇಲ್ಲ. ಬೈಯಲಿಲ್ಲ ಅವರು. ಪುಸ್ತಕ ನನ್ನ ಕೈಗೆ ಕೊಟ್ಟು "ತಮ್ಮಾ, ಇದರಾಗೂ ನಮ್ಮೂರು ಮುಳುಗೇತಲ್ಲೋ" ಅಂದರು.

ಅವತ್ತೇ ಮನೆಗೆ ಬಂದು ಇದ್ದದ್ದೆಲ್ಲ ತಿರುವಿದೆ. 9 ಸಿಕ್ಕವು. ಉಳಿದ 15 ಆಗಲೇ ಜನರ ಕೈ ಸೇರಿದ್ದವು. ನೆನಪಿದ್ದವರ ಮನೆಗೆಲ್ಲ ಹೋಗಿ, ಫೋನ್ ಮಾಡಿ, ಬದಲಿಸಿಕೊಟ್ಟೆ. ಪ್ರೆಸ್ಸಿನವರನ್ನು ಕೇಳಿದರೆ "ಅಷ್ಟು ಹೋಗೇ ಹೋಗ್ತಾವ್ರೀ" ಅಂದರು. ಹೀಗೆ ಬದಲಿಸುತ್ತಾ ಹೋಗುವಾಗ ಒಂದು ತಪ್ಪು ಪ್ರತಿ ಎಲ್ಲಿ ಸಿಕ್ಕಿತು ಅಂದರೆ, ಬಿಡುಗಡೆ ದಿನ ವೇದಿಕೆ ಮೇಲೆ 40 ನಿಮಿಷ ಮಾತಾಡಿದವರ ಮನೆಯಲ್ಲಿ. "ಒಂದೇ ಗುಕ್ಕಿಗೆ ಓದಿ ಮುಗಿಸಿದೆ, ಎಲ್ಲಿಯೂ ಎಳೆ ತಪ್ಪಿಲ್ಲ" ಅಂದಿದ್ದರು. ಅವರಿಗೆ ಏನೂ ಹೇಳದೆ ಬದಲಿಸಿ ಬಂದೆ. ಶಾಲು ಮಾತ್ರ ಅವರ ಸೋಫಾ ಮೇಲಿತ್ತು.

ಮುಧೋಳದವ

ಯಪ್ಪಾ.

ಖಣದ ಕುಪ್ಪಸ

ಅಜ್ಜನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ಆಮೇಲೆ ಆ ಕಥೆ ಓದಿಸಿದರಾ?

ಹಿನ್ನೀರು

ಹೂಂ ಅಕ್ಕಾ. ಒಳ್ಳೆ ಪ್ರತಿ ಕೊಟ್ಟು ಬಂದೆ. ಮುಂದಿನ ಭಾನುವಾರ ಹೋದಾಗ ಅವರು ಎರಡು ತಪ್ಪು ತೋರಿಸಿದರು. ಹನುಮಪ್ಪನ ಗುಡಿ ಬಾಗಿಲು ನಾನು ಪೂರ್ವಕ್ಕೆ ಬರೆದಿದ್ದೆ, ಅದು ದಕ್ಷಿಣಕ್ಕಂತೆ. ಬಾವಿಗೆ ಇಳಿಯೋ ಮೆಟ್ಟಿಲು ಹದಿನಾಲ್ಕಂತೆ, ನಾನು ಹತ್ತು ಬರೆದಿದ್ದೆ. ಎರಡನೇ ಮುದ್ರಣಕ್ಕೆ ಬರೆದಿಟ್ಟುಕೊಂಡಿದ್ದೇನೆ.

ಓದುಗ ಮಾತ್ರ

ಇಂಥ ಪ್ರೂಫ್ ನೋಡೋರು ಯಾವ ಪ್ರಕಾಶಕರ ಹತ್ತಿರವೂ ಇಲ್ಲ. ನಾನು ಮೊದಲು ಹೇಳಿದ್ದರಲ್ಲಿ ಅರ್ಧ ವಾಪಸ್. ಕಾಗುಣಿತದ್ದು ಹಾಗೇ ಇರಲಿ.

ಡಿಟಿಪಿ ಕಾಕಾ

ಎರಡನೇ ಪುಸ್ತಕದ ಕಡತ ನನಗೆ ಕಳಿಸಿ. ಅರ್ಕಾವತ್ತು ನಾನು ನೋಡುತ್ತೇನೆ. ದುಡ್ಡು ಆಮೇಲೆ. ಪ್ರೆಸ್ಸಿನಿಂದ ಬಂದ ದಿನ ಪ್ರತಿಯೊಂದು ಪ್ರತಿಯನ್ನೂ ತಿರುವಿ ನೋಡಿ, ಬೇಕಾದರೆ ನಾನೂ ಬರುತ್ತೇನೆ, ಚಹಾ ನಿಮ್ಮದು. ಪ್ರತಿ ಫಾರಂನ ಮೊದಲ ಪುಟ ಮಾತ್ರ ನೋಡಿದರೆ ಸಾಕು. 1, 17, 33, 49, ಹೀಗೆ. ಒಂದು ಪ್ರತಿಗೆ ಹತ್ತು ಸೆಕೆಂಡ್.

ಹಿನ್ನೀರು

ಕಾಕಾ, ಚಹಾ ಅಲ್ಲ, ಊಟವೇ ನಮ್ಮದು. 250 ಹಾಕಿಸುತ್ತೇನೆ. ಬಿಡುಗಡೆ ಕಟ್ಟೆ ಮೇಲೆ, ಅಜ್ಜನ ಕೈಯಲ್ಲಿ, ಚುರಮುರಿ ಜೊತೆ.

ಇಂಡಿ ಲಿಂಬೆ

ಬೇಡ ಅಂದವನೇ ನಾನು, ಈಗಲೂ ಬೇಡ ಅಂತಲೇ ಹೇಳುತ್ತೇನೆ. ಎರಡು ಪ್ರತಿ ಬೇಕು, ಒಂದು ಮಾವನವರಿಗೆ, ಅವರದೂ ಮುಳುಗಡೆ ಊರು. ದುಡ್ಡು ಎಲ್ಲಿ ಹಾಕಲಿ ಹೇಳಿ. ಕಟ್ಟೋ ಮೊದಲು 81ನೇ ಪುಟ ತೆಗೆದು ನೋಡಿ.